ಒಗೆಯುವ ಜಾಗಕ್ಕೂ ಒಂದು ಕಿಟಕಿ ಬೇಕು

ಮನೆ ಕಟ್ಟಿಸುವಾಗ ನಾವು ಏನೇನೋ ಯೋಚಿಸುತ್ತೇವೆ. ಈದ್‌ಗೆ ಬಂದ ನೆಂಟರು ಕೂರಲು ಹಾಲ್ ಸಾಕಾಗುತ್ತದೆಯೇ, ಶೌಚಾಲಯದ ಬೇಸಿನ್ ಖಿಬ್ಲಾದ ಕಡೆಗೆ ಬಾರದಂತೆ ಕೂರಿಸಿದ್ದಾರೆಯೇ, ಮಗ ನಾಳೆ ಬೈಕ್ ತಂದರೆ ನಿಲ್ಲಿಸಲು ಎಲ್ಲಿ ಜಾಗ, ಮುಂದಿನ ಬಾಗಿಲು ತೇಗದ್ದೋ ಹೊನ್ನೆಯದ್ದೋ... ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: "ಬಟ್ಟೆ ಒಗೆಯೋದು ಎಲ್ಲಿ?" ಆಗ ಉಳಿದಿರುವ ಜಾಗ ಒಂದೇ. ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ.

ಹನ್ನೆರಡು ವರ್ಷಗಳ ಹಿಂದೆ ರಾಮನಗರದಲ್ಲಿ ನಾನು ಮನೆ ಕಟ್ಟಿಸಿದಾಗ ಆದದ್ದೂ ಇದೇ. ಇಪ್ಪತ್ತು ಮೂವತ್ತರ ಸೈಟು, ಮೇಲೊಂದು ಅಂತಸ್ತು. "ಅದಕ್ಯಾಕೆ ಚಿಂತೆ ಸಾಬ್ರೇ, ಮೆಟ್ಟಿಲ ಕೆಳಗೆ ಒಂದು ನಲ್ಲಿ ಕೊಟ್ಟರಾಯ್ತು, ಮಿಷಿನ್ನೂ ಅಲ್ಲೇ ಕೂರುತ್ತೆ" ಅಂದರು ಮೇಸ್ತ್ರಿ. ನಾನು ಹೂಂ ಅಂದೆ. ನನ್ನ ಹೆಂಡತಿಯನ್ನಾಗಲಿ ಅಮ್ಮಿಯನ್ನಾಗಲಿ ಕೇಳಲಿಲ್ಲ. ತಪ್ಪು ಮೇಸ್ತ್ರಿಯದಲ್ಲ, ನನ್ನದು. ದಿನಕ್ಕೆ ಒಂದೂವರೆ ಗಂಟೆ ಆ ಜಾಗದಲ್ಲಿ ನಿಲ್ಲುವವರು ಯಾರು ಎಂದು ನಾನು ಯೋಚಿಸಿರಲಿಲ್ಲ.

ಆ ಮೂಲೆಗೆ ಕಿಟಕಿ ಇರಲಿಲ್ಲ. ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಮೂವತ್ತೆರಡು ಮೆಟ್ಟಿಲು ಹತ್ತಿ ತಾರಸಿಗೆ ಹೋಗಬೇಕಿತ್ತು. ಒಂದು ಮಳೆಗಾಲದ ಸಂಜೆ ಮೋಡ ಕವಿದಾಗ ಬಟ್ಟೆ ಎತ್ತಲೆಂದು ಅಮ್ಮಿ ಓಡಿದರು. ಇಳಿಯುವಾಗ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಮೇಲೆ ತಾರಸಿಯ ಸಹವಾಸವೇ ಬೇಡವೆಂದು ಮನೆಯೊಳಗೆ ಹಗ್ಗ ಕಟ್ಟಿದೆವು. ಒಂದೇ ವರ್ಷದಲ್ಲಿ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬಿತು, ಚಿಕ್ಕ ಮಗಳಿಗೆ ರಾತ್ರಿ ಉಬ್ಬಸ ಶುರುವಾಯಿತು. ಮಗುವನ್ನು ನೋಡಿದ ವೈದ್ಯರು ಧೂಳು, ಸಾಂಬ್ರಾಣಿ ಹೊಗೆ, ಬೆಕ್ಕು ಎಲ್ಲದರ ಬಗ್ಗೆ ವಿಚಾರಿಸಿ ಕೊನೆಗೆ ಕೇಳಿದರು: "ಬಟ್ಟೆ ಎಲ್ಲಿ ಒಣಗಿಸ್ತೀರಿ?" ಆ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ನಾಚಿಕೆಯಾಯಿತು.

ಆದ್ದರಿಂದ ಈ ಲೇಖನ. ಮನೆ ಕಟ್ಟುವವರಿಗೆ ನನ್ನ ಮಾತು ಇಷ್ಟೇ: ಬಟ್ಟೆ ಒಗೆಯುವ, ಒಣಗಿಸುವ ಜಾಗವನ್ನು ಉಳಿದ ಮೂಲೆಗೆ ಬಿಡಬೇಡಿ. ಅಡುಗೆ ಮನೆಯ ಜೊತೆಗೇ ಅದನ್ನೂ ನಿರ್ಧರಿಸಿ. ಅದಕ್ಕೆ ಬಿಸಿಲು, ಗಾಳಿ, ನೀರು ಹೋಗುವ ದಾರಿ ಮತ್ತು ಮರೆ ಈ ನಾಲ್ಕೂ ಇರಬೇಕು.

ನಮ್ಮ ಊರುಗಳ ಬಟ್ಟೆ ಬೇರೆ ಊರಿನ ಬಟ್ಟೆಯಲ್ಲ

ರಾಮನಗರ ಎಂದರೆ ರೇಷ್ಮೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇಲ್ಲಿದೆ. ಗೂಡಿನಿಂದ ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಇವೆ. ನಮ್ಮ ಅಬ್ಬಾ ಕೂಡ ಚರಕ ಇಟ್ಟವರೇ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿದ್ದಂತೆ ಅದರ ಅಂಟು ನೀರಿಗೆ ಬಿಡುತ್ತದೆ, ಒಳಗಿನ ಹುಳು ಬೆಂದು ಉಳಿಯುತ್ತದೆ. ಆ ಹಬೆ, ಆ ಅಂಟು, ಆ ವಾಸನೆ ಮೈಯ ಬಟ್ಟೆಗೆ ಹತ್ತಿಕೊಂಡೇ ಮನೆಗೆ ಬರುತ್ತವೆ. ಇಡೀ ದಿನ ಆ ಹಬೆಯಲ್ಲಿರುವವರಲ್ಲಿ ಉಬ್ಬಸ, ಚರ್ಮದ ತೊಂದರೆ ಹೊಸ ವಿಷಯವೇನಲ್ಲ. ಎಷ್ಟೋ ಕಡೆ ಕೆಳಗೆ ಬೇಸಿನ್ನು, ಮೇಲೆ ಮನೆ.

ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳ ಮನೆಗಳಲ್ಲಿ ಕತೆ ಬೇರೆ. ಲೇತಿನ ಮುಂದೆ ಕೂತವರ ಬಟ್ಟೆ ತುಂಬ ಮರದ ಹೊಟ್ಟು, ಅರಗಿನ ಬಣ್ಣ. ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರಿದ್ದಾರೆ. ಹುಳು ಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆಯುತ್ತಾರೆ. ಆ ಬಟ್ಟೆಯನ್ನು ತಂದು ಮಗುವಿನ ಜುಬ್ಬದ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸುವುದು ಸರಿಯಲ್ಲ. ಕೀಟನಾಶಕ ಹೊಡೆದ ದಿನದ ಬಟ್ಟೆಯನ್ನಂತೂ ಬೇರೆಯಾಗಿಯೇ ಒಗೆಯಬೇಕು.

ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಒಗೆಯುವ ಜಾಗ ಹೊರಗಿನಿಂದ ನೇರವಾಗಿ ತಲುಪುವಂತಿದ್ದರೆ ಒಳ್ಳೆಯದು. ಕೆಲಸದಿಂದ ಬಂದವನು ಹಾಲ್, ಮಲಗುವ ಕೋಣೆಯನ್ನೆಲ್ಲ ದಾಟದೆ ಪಕ್ಕದ ಓಣಿಯಿಂದ ಬಂದು, ಅಲ್ಲೇ ಬಟ್ಟೆ ಬಿಚ್ಚಿ ಬೇರೆ ಬುಟ್ಟಿಗೆ ಹಾಕಿ, ಕೈಕಾಲು ತೊಳೆದು ಒಳಗೆ ಬರಲಿ. ಇದಕ್ಕೆ ಬೇಕಾದ್ದು ಒಂದು ಬಾಗಿಲು, ಒಂದು ಗೂಟ, ಒಂದು ಬುಟ್ಟಿ. ಔಷಧಿಯ ಖರ್ಚಿಗೆ ಹೋಲಿಸಿದರೆ ಇದೇನೂ ಅಲ್ಲ.

ಒದ್ದೆ ಬಟ್ಟೆಯ ನೀರು ಎಲ್ಲಿಗೆ ಹೋಗುತ್ತದೆ?

ಒಂದು ಸಲ ಯಂತ್ರ ತುಂಬ ಬಟ್ಟೆ ಹಿಂಡಿ ಹರವಿದರೆ ಅದರಲ್ಲಿ ಇನ್ನೂ ಎರಡು ಲೀಟರಿಗೂ ಹೆಚ್ಚು ನೀರು ಇರುತ್ತದೆ. ಬಟ್ಟೆ ಒಣಗಿತು ಅಂದರೆ ಆ ನೀರೆಲ್ಲ ಗಾಳಿಗೆ ಹೋಯಿತು ಎಂದರ್ಥ. ತಾರಸಿಯಲ್ಲಾದರೆ ಆಕಾಶಕ್ಕೆ, ಕಿಟಕಿಯಿಲ್ಲದ ಕೋಣೆಯಲ್ಲಾದರೆ ಗೋಡೆಗೆ, ಹಾಸಿಗೆಗೆ, ನಮ್ಮ ಎದೆಗೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಹೊರಡಿಸಿತು. ತೇವ ಕಟ್ಟಿದ ಮನೆಗಳಲ್ಲಿ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು ಎಂಬುದು ಅದರ ಸಾರ.

ನಮ್ಮ ಕಡೆ ಜೋರು ಮಳೆ ಬರುವುದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದೂ ಮಧ್ಯಾಹ್ನದ ಮೇಲೆ. ಅಂದರೆ ಬೆಳಗಿನ ಬಿಸಿಲು ಸಿಗುವ ಜಾಗ ನಮಗೆ ಹೆಚ್ಚು ಉಪಯೋಗ. ಪೂರ್ವಕ್ಕೋ ದಕ್ಷಿಣಕ್ಕೋ ತೆರೆದ ಜಾಗ ಸಿಕ್ಕರೆ ಒಗೆಯಲು, ಒಣಗಿಸಲು ಅದನ್ನೇ ಹಿಡಿಯಿರಿ. ಮೇಲೆ ಎರಡಡಿ ಸಜ್ಜಾ ಇಳಿಸಿದರೆ ಮಳೆಯ ಎರಚಲು ತಪ್ಪುತ್ತದೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಒಂದೇ ಕಡೆ ತೂತು ಇದ್ದರೆ ಗಾಳಿ ಒಳಗೇ ನಿಲ್ಲುತ್ತದೆ.

ಕೆಲವರು "ವಾಸ್ತು ಪ್ರಕಾರ ವಾಯುವ್ಯದಲ್ಲೇ ಬಚ್ಚಲು ಬರಬೇಕು" ಎನ್ನುವ ಮೇಸ್ತ್ರಿಯ ಮಾತಿಗೆ ಕಟ್ಟುಬಿದ್ದು ಬಿಸಿಲಿನ ಮೂಲೆಯನ್ನು ಬೀರುವಿಗೆ ಕೊಟ್ಟುಬಿಡುತ್ತಾರೆ. ಖಿಬ್ಲಾದ ಗೌರವ ನಾವು ಪಾಲಿಸುವ ಶಿಷ್ಟಾಚಾರ, ಅದು ಶೌಚಕ್ಕೆ ಕೂರುವ ದಿಕ್ಕಿಗೆ ಸಂಬಂಧಿಸಿದ್ದು. ಬಟ್ಟೆ ಒಗೆಯುವ ಕಲ್ಲಿಗೆ ನಮ್ಮ ದೀನ್ ಯಾವ ದಿಕ್ಕನ್ನೂ ಕಟ್ಟಿಲ್ಲ. ಅಲ್ಲಿ ಸೂರ್ಯ, ಗಾಳಿ, ಚರಂಡಿ ಹೇಳುವ ಮಾತನ್ನು ಕೇಳಿದರೆ ಸಾಕು.

ಪರ್ದಾ ಬೇಕು, ಕತ್ತಲೆ ಬೇಡ

ಈಗ ಬರುವುದು ನಮ್ಮ ಮನೆಗಳ ದೊಡ್ಡ ಮಾತು. "ತಾರಸಿಯಲ್ಲಿ ಹೆಣ್ಣುಮಕ್ಕಳು ನಿಂತು ಬಟ್ಟೆ ಹರವಿದರೆ ನಾಲ್ಕು ಮನೆಯವರಿಗೆ ಕಾಣುತ್ತದೆ, ಒಳಗೇ ಇರಲಿ" ಎಂದು ಹಿರಿಯರು ಹೇಳುತ್ತಾರೆ. ಆ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒತ್ತೊತ್ತಾಗಿ ಮನೆಗಳಿರುವ ನಮ್ಮ ಮೊಹಲ್ಲಾಗಳಲ್ಲಿ ಒಂದು ತಾರಸಿಯಿಂದ ಇನ್ನೊಂದಕ್ಕೆ ಕೈಚಾಚಿದರೆ ಸಿಗುವಷ್ಟು ಹತ್ತಿರ.

ಆದರೆ ಮರೆಗೂ ಕತ್ತಲೆಗೂ ವ್ಯತ್ಯಾಸವಿದೆ. ಐದಡಿ ಎತ್ತರದ ಜಾಲಿ ಇಟ್ಟಿಗೆಯ ಗೋಡೆ ಎರಡು ಕಡೆ ಎತ್ತಿದರೆ ಒಳಗಿರುವವರು ಹೊರಗೆ ಕಾಣುವುದಿಲ್ಲ, ಗಾಳಿ ನಿಲ್ಲುವುದಿಲ್ಲ, ಮೇಲಿಂದ ಬಿಸಿಲು ತಪ್ಪುವುದಿಲ್ಲ. ಹಳೆಯ ಕಾಲದ ಮುಸ್ಲಿಮ್ ಮನೆಗಳಲ್ಲಿ ಒಳಗಿನ ಅಂಗಳ ಏಕಿತ್ತು? ಹೆಣ್ಣುಮಕ್ಕಳಿಗೆ ಆಕಾಶವೂ ಸಿಗಲಿ, ಮರೆಯೂ ಇರಲಿ ಎಂದು. ಸೈಟು ಚಿಕ್ಕದಾಯಿತು, ಅಂಗಳ ಹೋಯಿತು. ಅಂಗಳದ ಬದಲಿಗೆ ಬಂದದ್ದು ಮೆಟ್ಟಿಲ ಕೆಳಗಿನ ಗೂಡು.

ಇದರಲ್ಲಿ ಬಾಯಿಬಿಟ್ಟು ಹೇಳದ ಒಂದು ಸಂಕಟವಿದೆ. ಮುಟ್ಟಿನ ಬಟ್ಟೆ ಬಳಸುವ ಹೆಣ್ಣುಮಕ್ಕಳು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಸೋಪು ಹಾಕಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಆ ಬಟ್ಟೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಯಾರಿಗೂ ಕಾಣಬಾರದೆಂದು ಅದನ್ನು ಇನ್ನೊಂದು ಬಟ್ಟೆಯ ಕೆಳಗೆ, ಬಚ್ಚಲಿನ ಬಾಗಿಲ ಹಿಂದೆ ಹಾಕುತ್ತಾರೆ. ಅರ್ಧ ಒಣಗಿದ್ದನ್ನೇ ಮತ್ತೆ ಬಳಸುತ್ತಾರೆ. ಆಮೇಲೆ ತುರಿಕೆ, ಉರಿ, ಸೋಂಕು. ಹೇಳಿಕೊಳ್ಳಲೂ ನಾಚಿಕೆ, ಆಸ್ಪತ್ರೆಗೆ ಹೋಗಲೂ ನಾಚಿಕೆ. ಮನೆಯಲ್ಲಿ ಮರೆಯೂ ಬಿಸಿಲೂ ಇರುವ ನಾಲ್ಕಡಿ ಜಾಗ ಇದ್ದಿದ್ದರೆ ಇದೆಲ್ಲ ಬರುತ್ತಲೇ ಇರಲಿಲ್ಲ. ಹೆಣ್ಣುಮಕ್ಕಳ ತಂದೆಯಾದ ಪ್ರತಿಯೊಬ್ಬನೂ ನಕ್ಷೆಯ ಮೇಲೆ ಬೆರಳಿಟ್ಟು ಆ ಜಾಗ ಎಲ್ಲಿದೆ ಎಂದು ಕೇಳಬೇಕು.

ಎಲ್ಲಿ ಕೂರಿಸುವುದು?

ನನ್ನ ಅಭಿಪ್ರಾಯದಲ್ಲಿ ಮೊದಲ ಆಯ್ಕೆ ಅಡುಗೆ ಮನೆಯ ಹಿಂದೆ, ಹೊರಗೋಡೆಗೆ ಹೊಂದಿಕೊಂಡ ಜಾಗ. ಒಲೆಯ ಮೇಲೆ ಒಂದು ಕಣ್ಣಿಟ್ಟು ಬಟ್ಟೆ ಹಿಂಡಬಹುದು, ನೀರಿನ ಕೊಳಾಯಿ, ಚರಂಡಿ ಎರಡೂ ಹತ್ತಿರ. ನಾಲ್ಕಡಿ ಅಗಲ, ಆರಡಿ ಉದ್ದ ಸಾಕು. ಯಂತ್ರ ಹಿಡಿಯುವುದು ಎರಡಡಿ ಚೌಕ ಮಾತ್ರ. ಆದರೆ ಅಡುಗೆ ಮನೆಗೂ ಅದಕ್ಕೂ ನಡುವೆ ಬಾಗಿಲಿರಲಿ. ಪಾತ್ರೆ ತೊಳೆಯುವ ಸಿಂಕಿನಲ್ಲಿ ಮಗುವಿನ ಮಲ ಮೆತ್ತಿದ ಬಟ್ಟೆ ತೊಳೆಯುವ ಪರಿಸ್ಥಿತಿ ಬರಬಾರದು.

ಎರಡನೆಯದು ಮೇಲಂತಸ್ತಿನ ಹಿಂದಿನ ಬಾಲ್ಕನಿ. ಇಪ್ಪತ್ತು ಮೂವತ್ತರ ಸೈಟಿಗೆ ಬಹುಶಃ ಇದೇ ಸರಿ. ಬಿಸಿಲು ಕೆಳಗಿನ ಓಣಿಗೆ ಬೀಳದಿದ್ದರೂ ಮೇಲಕ್ಕೆ ಬೀಳುತ್ತದೆ. ತಗ್ಗಿನ ಬಡಾವಣೆಗಳಲ್ಲಿ ಇರುವವರಿಗಂತೂ ಇದು ಕ್ಷೇಮ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ, ಚನ್ನಪಟ್ಟಣದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದು ಯಾರಿಗೂ ಮರೆತಿಲ್ಲ. ಅಂಥ ಕಡೆ ನೆಲಮಟ್ಟದಲ್ಲಿ ಯಂತ್ರ, ಪ್ಲಗ್ಗು ಇಡುವುದು ಜಾಣತನವಲ್ಲ.

ಮೂರನೆಯದು ತಾರಸಿ. ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಗೆಯಲು ಮಾತ್ರ ಯೋಚಿಸಿ. ಮನೆಯಲ್ಲಿ ಗರ್ಭಿಣಿ, ಮಂಡಿನೋವಿನವರು, ವಯಸ್ಸಾದವರು ಇದ್ದರೆ ದಿನಾ ಆ ಮೆಟ್ಟಿಲು ಶಿಕ್ಷೆ. ಇನ್ನೊಂದು ವಿಷಯ: ಮುಂದೆ ಬಾಗಿಲಿರುವ ಹಲವು ಯಂತ್ರಗಳಿಗೆ ನೀರು ಸುಮಾರು 10 ಅಡಿ ಎತ್ತರದಿಂದ ಬಂದಷ್ಟು ಒತ್ತಡ ಬೇಕು. ತಾರಸಿಯ ಟ್ಯಾಂಕಿನ ಪಕ್ಕದಲ್ಲೇ ಇಟ್ಟರೆ ನೀರು ಸರಿಯಾಗಿ ಏರದೆ ಯಂತ್ರ ನಿಂತುಬಿಡುತ್ತದೆ. ಕೊಳ್ಳುವ ಮೊದಲು ಅಂಗಡಿಯವರನ್ನು ಇದನ್ನು ಕೇಳಿ.

ಮೆಟ್ಟಿಲ ಕೆಳಗೆ ಬೇಡ. ಮನೆ ಮುಂದಿನ ಬೀದಿಯ ಕಲ್ಲೂ ಬೇಡ. ಬೀದಿಯಲ್ಲಿ ಒಗೆದ ನೀರು ತೆರೆದ ಚರಂಡಿಗೆ, ಅಲ್ಲಿಂದ ಕೆರೆಗೆ, ಅರ್ಕಾವತಿಗೆ ಸೇರುತ್ತದೆ. ಅದೇ ಅರ್ಕಾವತಿ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಒಳಚರಂಡಿ ಇರುವ ಕಡೆ ಚೇಂಬರಿಗೇ ಸೇರಿಸಿ. ಹಳ್ಳಿಯಲ್ಲಿ ಹಿತ್ತಲಿದ್ದರೆ ಜಾಲಾಡಿದ ನೀರನ್ನು ತೆಂಗಿಗೆ, ಬಾಳೆಗೆ ಬಿಡಿ. ಇಡೀ ಸೋಪಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟರೆ ಅದು ಬೇಗ ತುಂಬುತ್ತದೆ, ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ.

ಕಾಂಪೌಂಡಿನ ಪಕ್ಕ ಬಿಡಬೇಕಾದ ಮೂರಡಿ ಜಾಗಕ್ಕೆ ಶೀಟು ಹೊದಿಸಿ ಅದನ್ನೇ ಯುಟಿಲಿಟಿ ಮಾಡುವವರೂ ಇದ್ದಾರೆ. ಶೀಟಿನ ನೀರು ಪಕ್ಕದ ಮನೆಯ ಗೋಡೆಗೆ ಇಳಿಯುತ್ತದೆ, ಅವರ ಕಿಟಕಿಗೆ ಗಾಳಿ ಹೋಗುವುದಿಲ್ಲ. ನೆರೆಯವನ ಹಕ್ಕಿನ ಬಗ್ಗೆ ಜುಮಾದಲ್ಲಿ ಎಷ್ಟು ಸಲ ಕೇಳಿದ್ದೇವೆ! ನೆರೆಯವನು ಮುಸ್ಲಿಮನಿರಲಿ, ಅಲ್ಲದಿರಲಿ, ಆ ಹಕ್ಕು ಒಂದೇ. ನಮ್ಮ ಬಟ್ಟೆ ಪಾಕ್ ಆಗಲು ಅವರ ಗೋಡೆ ಕೊಳೆಯಬಾರದು.

ಕಟ್ಟುವಾಗ ನೋಡಬೇಕಾದ್ದು

ನೆಲ ಅಡುಗೆ ಮನೆಗಿಂತ ಎರಡು ಇಂಚು ತಗ್ಗಿರಲಿ. ಅಡಿಗೆ ಕಾಲು ಇಂಚಿನಂತೆ ನೀರು ಹರಿಯುವ ಇಳಿಜಾರು ಬೇಕು. ನುಣುಪಾದ ಟೈಲ್ಸ್ ಹಾಕಿಸಬೇಡಿ, ಒರಟು ಟೈಲ್ಸೋ ಒರಟು ಕಲ್ಲೋ ಇರಲಿ. ಒಗೆಯುವ ಕಲ್ಲನ್ನು ನೆಲದ ಮೇಲೆ ಹಾಕಿ ಹೆಂಗಸರನ್ನು ಕುಕ್ಕರಗಾಲಿನಲ್ಲಿ ಕೂರಿಸುವ ಕಾಲ ಮುಗಿಯಿತು. ಎರಡೂವರೆ ಅಡಿ ಎತ್ತರಕ್ಕೆ, ಒಗೆಯುವವರ ಸೊಂಟದ ಅಳತೆಗೆ ಕಟ್ಟಿಸಿ. ಬೆನ್ನುನೋವು ಅರ್ಧ ಕಡಿಮೆಯಾಗುತ್ತದೆ.

ಪಕ್ಕದಲ್ಲಿ ಒಂದು ಚಿಕ್ಕ ತೊಟ್ಟಿ, ಅದಕ್ಕೊಂದು ತಗ್ಗಿನ ನಲ್ಲಿ ಇರಲಿ. ಮಗುವಿನ, ಹಾಸಿಗೆ ಹಿಡಿದ ಹಿರಿಯರ ನಾಪಾಕ್ ಆದ ಬಟ್ಟೆಯನ್ನು ಮೊದಲು ಅಲ್ಲಿ ಹರಿಯುವ ನೀರಿನಲ್ಲಿ ತೊಳೆದು ನಂತರ ಯಂತ್ರಕ್ಕೆ ಹಾಕಿದರೆ ತಹಾರತಿನ ಅನುಮಾನವೂ ಇಲ್ಲ, ಒಬ್ಬರ ಭೇದಿ ಇನ್ನೊಬ್ಬರಿಗೆ ಹರಡುವ ಭಯವೂ ಕಡಿಮೆ.

ಯಂತ್ರಕ್ಕೆ ಅರ್ಥಿಂಗ್ ಇರುವ ಬೇರೆ ಪ್ಲಗ್ಗು ಇರಬೇಕು, ಅದು ನಲ್ಲಿಯ ನೀರು ಸಿಡಿಯದಷ್ಟು ಎತ್ತರದಲ್ಲಿರಬೇಕು. ಶಾಕ್ ಹೊಡೆದ ಕ್ಷಣ ಕರೆಂಟ್ ಕಡಿಯುವ ಸ್ವಿಚ್ಚನ್ನು ಬೋರ್ಡಿನಲ್ಲಿ ಹಾಕಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂದರೆ ಅವರಿಗೆ ತಿಳಿಯುತ್ತದೆ. ಗ್ಯಾಸ್ ಸಿಲಿಂಡರನ್ನು ಅದೇ ಜಾಗದಲ್ಲಿ ಇಡುವುದಾದರೆ ಪ್ಲಗ್ಗಿನಿಂದ ದೂರ ಇಡಿ, ನೆಲದ ಮಟ್ಟದಲ್ಲಿ ಗಾಳಿ ಕಿಂಡಿ ಬಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ಗ್ಯಾಸ್ ಗೀಸರ್ ಇದ್ದವರು ಅದನ್ನು ಬಚ್ಚಲೊಳಗೆ ಹಾಕಿಸಲೇಬೇಡಿ. ಮುಚ್ಚಿದ ಬಚ್ಚಲಿನಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಸ್ನಾನಕ್ಕೆ ಹೋದವರು ಹೊರಬರದೇ ಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ತೆರೆದ ಗಾಳಿಯ ಯುಟಿಲಿಟಿಯ ಹೊರಗೋಡೆಯೇ ಅದರ ಜಾಗ.

ಆಸಿಡ್, ಬ್ಲೀಚಿಂಗ್ ಪುಡಿ, ಫಿನಾಯಿಲ್ ಎಲ್ಲ ಮಗುವಿನ ಕೈಗೆಟುಕದ ಕಪಾಟಿನಲ್ಲಿರಲಿ. ಆಸಿಡ್ಡನ್ನೂ ಬ್ಲೀಚನ್ನೂ ಎಂದಿಗೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ನೀರು ತುಂಬಿಡುವ ಡ್ರಮ್ಮಿಗೆ ಮುಚ್ಚಳ ಬೇಕೇಬೇಕು. ನಲ್ಲಿ ನೀರು ದಿನಾ ಬಾರದ ಊರುಗಳಲ್ಲಿ ಡ್ರಮ್ಮಿಲ್ಲದೆ ನಡೆಯುವುದಿಲ್ಲ, ಆದರೆ ಡೆಂಗಿಯ ಸೊಳ್ಳೆ ಹುಟ್ಟುವುದೂ ಇಂಥ ನಿಂತ ಶುದ್ಧ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡ ಹಾಕುವ ನಿಯಮವನ್ನೂ ತಂದಿದೆ. ದಂಡಕ್ಕಿಂತ ಮಗುವಿನ ಜ್ವರಕ್ಕೆ ಹೆದರೋಣ.

ಬಾಡಿಗೆ ಮನೆಯವರು ಏನು ಮಾಡಬೇಕು?

"ನಮ್ಮದು ಒಂದು ಕೋಣೆಯ ಬಾಡಿಗೆ ಮನೆ, ಇದೆಲ್ಲ ಸಿರಿವಂತರ ಮಾತು" ಎಂದು ಯಾರಾದರೂ ಹೇಳಿದರೆ ಅದು ನ್ಯಾಯವೇ. ಅವರಿಗೂ ಆಗುವ ಕೆಲವು ಕೆಲಸಗಳಿವೆ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಕಿಟಕಿ ತೆಗೆದು ಫ್ಯಾನ್ ಹಾಕಿ, ರಾತ್ರಿ ಮಲಗುವ ಮೊದಲು ತೆಗೆದುಬಿಡಿ. ಒಂದು ವಠಾರದಲ್ಲಿ ನಾಲ್ಕೈದು ಮನೆಗಳಿದ್ದರೆ ತಾರಸಿಯ ಒಂದು ಮೂಲೆಗೆ ಹಳೆಯ ಸೀರೆಯದೋ ಬಿದಿರು ತಟ್ಟಿಯದೋ ಮರೆ ಕಟ್ಟಿ, ಹೆಂಗಸರಿಗೇ ಆ ಜಾಗ ಎಂದು ಎಲ್ಲರೂ ಒಪ್ಪಿಕೊಳ್ಳಲಿ. ಮನೆ ಕಟ್ಟಿ ಬಾಡಿಗೆಗೆ ಕೊಡುವ ನಮ್ಮವರೇ ಬಹಳ ಮಂದಿ ಇದ್ದಾರೆ. ಇನ್ನೊಂದು ಕೋಣೆ ಎಳೆದು ಇನ್ನೊಂದು ಬಾಡಿಗೆ ಹೆಚ್ಚಿಸಿಕೊಳ್ಳುವ ಮೊದಲು, ಇರುವ ಸಂಸಾರಗಳು ಬಟ್ಟೆ ಎಲ್ಲಿ ಒಣಗಿಸುತ್ತವೆ ಎಂದು ಒಮ್ಮೆ ನೋಡಲಿ.

ಇನ್ನೊಂದು ಮಾತು ಗಂಡಸರಿಗೆ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು, ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಕ್ಷೆ ಮಾಡಿಸುವ ಮೊದಲು ಒಂದೇ ಒಂದು ವಾರ ಮನೆಯ ಬಟ್ಟೆಯನ್ನು ನಾವೇ ಒಗೆದು ನೋಡೋಣ. ಆ ಜಾಗ ಎಲ್ಲಿರಬೇಕೆಂದು ಯಾವ ಎಂಜಿನಿಯರೂ ಹೇಳಬೇಕಾಗಿಲ್ಲ, ಬೆನ್ನೇ ಹೇಳುತ್ತದೆ.

ನಮ್ಮ ಮನೆಯಲ್ಲಿ ಕೊನೆಗೆ ಮೇಲಂತಸ್ತಿನ ಹಿಂದೆ ಪೂರ್ವಕ್ಕೆ ಇದ್ದ ಬಾಲ್ಕನಿಗೆ ಎರಡು ಕಡೆ ಜಾಲಿ ಎತ್ತಿಸಿ, ನಲ್ಲಿ ಏರಿಸಿ, ಯಂತ್ರವನ್ನು ಅಲ್ಲಿಗೆ ಸಾಗಿಸಿದೆವು. ಈ ಸಲ ನನ್ನ ಹೆಂಡತಿ ಮುಂದೆ ನಿಂತಳು, ನಾನು ಹಿಂದೆ ನಿಂತೆ. ಕಲ್ಲಿನ ಎತ್ತರವನ್ನು ಅವಳ ಸೊಂಟಕ್ಕೆ ಹಿಡಿದು ಅಳೆದರು. ಮಗಳ ಉಬ್ಬಸ ಪೂರ್ತಿ ಹೋಗಿದೆ ಎಂದು ಹೇಳಲಾರೆ, ಔಷಧಿ ಇನ್ನೂ ಇದೆ, ಆದರೆ ರಾತ್ರಿ ನಿದ್ದೆ ಮಾಡುತ್ತಾಳೆ. ಅಮ್ಮಿಗೆ ಈಗ ಕೋಲಿಲ್ಲದೆ ನಡೆಯಲಾಗುವುದಿಲ್ಲ. ಬೆಳಿಗ್ಗೆ ಫಜ್ರ್ ಮುಗಿಸಿ ಆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಣಗಿದ ಬಟ್ಟೆ ಮಡಚುತ್ತಾರೆ. "ಇದನ್ನ ಆವಾಗಲೇ ಮಾಡಿಸಬೇಕಿತ್ತು ಬೇಟಾ" ಎಂದು ಒಂದು ದಿನ ಹೇಳಿದರು. ಬೈದಂತಿರಲಿಲ್ಲ. ಆದರೂ ಆ ಮಾತು ನನ್ನಲ್ಲಿ ಉಳಿದಿದೆ. ಈಗಷ್ಟೇ ಪಾಯ ಹಾಕುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಳೆ ಮೇಸ್ತ್ರಿ ಬರುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಆ ಒಂದು ಪ್ರಶ್ನೆ ಕೇಳಿ.